ಸೂರ್ಯನಿಗಿಂತ ಹಿರಿಯ ಬೆಳಕು

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಪಂಡಿತನೊಬ್ಬನಿದ್ದನು. ಕ್ರೈಸ್ತರನ್ನೂ ಯೆಹೂದ್ಯರನ್ನೂ ಕಟುವಾಗಿ ಹಳಿದು ಅವನು ಬರೆದ ಗ್ರಂಥ ಇಂದು ಉಳಿದಿಲ್ಲ. ಆದರೆ ಅದಕ್ಕೆ ಉತ್ತರವಾಗಿ ಸುಮಾರು ೨೪೮ರಲ್ಲಿ ಆರಿಜನ್ ಎಂಬ ಕ್ರೈಸ್ತ ವಿದ್ವಾಂಸನು ದೊಡ್ಡದೊಂದು ಖಂಡನಗ್ರಂಥವನ್ನು ಬರೆದನು. ಖಂಡಿಸುವುದಕ್ಕಾಗಿ ಎದುರಾಳಿಯ ಮಾತುಗಳನ್ನೆಲ್ಲ ಎತ್ತಿ ಹೇಳುತ್ತ ಹೋದುದರಿಂದ ಸೆಲ್ಸಸನ ಆಕ್ಷೇಪಣೆಗಳು ನಮಗೆ ದಕ್ಕಿವೆ. ಅವುಗಳಲ್ಲಿ ಒಂದು ಇದು: ಮೋಶೆಯ ಗ್ರಂಥದಲ್ಲಿ ದೇವರು ಮೊದಲನೆಯ ದಿನ ಇದನ್ನು ಮಾಡಿದ, ಎರಡನೆಯ ದಿನ ಅದನ್ನು ಮಾಡಿದ ಎಂದು ಲೆಕ್ಕ ಹಾಕಿದ್ದಾರಲ್ಲ, ಸುತ್ತುವ ಸೂರ್ಯನೇ ಇನ್ನೂ ಹುಟ್ಟದಿರುವಾಗ ದಿನಗಳು ಎಲ್ಲಿಂದ ಬಂದವು?

ಪ್ರಶ್ನೆ ಸಣ್ಣ ಹುಡುಗನೂ ಕೇಳಬಹುದಾದದ್ದು. ಭಾನುವಾರದ ಶಾಲೆಗಳಲ್ಲಿ ಇಂದಿಗೂ ಕೇಳುತ್ತಲೇ ಇರುತ್ತಾರೆ. ತಮಾಷೆಯೆಂದರೆ, ಉತ್ತರ ಹೇಳಹೊರಟ ಆರಿಜನನೇ ಇದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬರೆದ ಬೇರೊಂದು ಗ್ರಂಥದಲ್ಲಿ, ಸೂರ್ಯಚಂದ್ರರಿಲ್ಲದೆ ಮೂರು ದಿನ ಕಳೆಯಿತೆಂಬುದನ್ನು ಬುದ್ಧಿಯುಳ್ಳವನು ಅಕ್ಷರಶಃ ನಂಬಲಾರನು, ಅದರಲ್ಲಿ ಗೂಢಾರ್ಥವಿದೆ ಎಂದು ಒಪ್ಪಿಕೊಂಡಿದ್ದನು. ಅಂದರೆ ಲೋಪ ಕಣ್ಣಿಗೆ ಬಿದ್ದದ್ದು ವೈರಿಗಳಿಗೆ ಮಾತ್ರವಲ್ಲ. ಇಷ್ಟು ಸ್ಪಷ್ಟವಾಗಿ ಕಾಣುವ ಲೋಪ ಬರೆದವನ ಕಣ್ಣಿಗೆ ಬೀಳಲಿಲ್ಲವೆಂದು ನಂಬುವುದು ಕಷ್ಟ. ಅದು ಲೋಪವೇ ಅಲ್ಲ, ಬೇಕೆಂದೇ ಮಾಡಿದ ಏರ್ಪಾಡು ಎಂದು ಹಿಡಿದು ಹೊರಟರೆ ದಾರಿ ಬೇರೆಯೇ ಕಡೆಗೆ ಕರೆದೊಯ್ಯುತ್ತದೆ.

ಕಥೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಹೀಬ್ರೂ ಗ್ರಂಥದ ಮೊದಲ ಪುಸ್ತಕವನ್ನು ಕನ್ನಡ ಬೈಬಲಿನಲ್ಲಿ ಆದಿಕಾಂಡ ಎನ್ನುತ್ತಾರೆ. ಅದರ ಆರಂಭದಲ್ಲಿ ಭೂಮಿ ರೂಪವಿಲ್ಲದೆ ಬರಿದಾಗಿದೆ, ಆಳವಾದ ನೀರಿದೆ, ನೀರಿನ ಮೇಲೆ ಕತ್ತಲೆ ಕವಿದಿದೆ, ದೇವರ ಉಸಿರು ಅದರ ಮೇಲೆ ಸುಳಿದಾಡುತ್ತಿದೆ. ದೇವರು ನುಡಿಯುತ್ತಾನೆ, ಬೆಳಕು ಉಂಟಾಗುತ್ತದೆ. ಬೆಳಕು ಒಳ್ಳೆಯದೆಂದು ಕಾಣುತ್ತಾನೆ, ಅದನ್ನು ಕತ್ತಲೆಯಿಂದ ಬೇರೆ ಮಾಡುತ್ತಾನೆ, ಒಂದಕ್ಕೆ ಹಗಲೆಂದೂ ಇನ್ನೊಂದಕ್ಕೆ ಇರುಳೆಂದೂ ಹೆಸರಿಡುತ್ತಾನೆ. ಸಂಜೆಯಾಗಿ ಬೆಳಗಾಗುತ್ತದೆ, ಅದು ಒಂದನೆಯ ದಿನ. ಆಕಾಶ, ಕಡಲು, ನೆಲ, ಗಿಡಮರ ಎಲ್ಲವೂ ಆದಮೇಲೆ ನಾಲ್ಕನೆಯ ದಿನ ಎರಡು ದೊಡ್ಡ ದೀಪಗಳು ಬರುತ್ತವೆ: ಒಂದು ಹಗಲನ್ನು ಆಳುವುದಕ್ಕೆ, ಇನ್ನೊಂದು ಇರುಳನ್ನು ಆಳುವುದಕ್ಕೆ. ಸಾಲದೆಂಬಂತೆ, ಬಾಯಿ ಮಾತಿಗೆ ಸೇರಿಸಿದ ಹಾಗೆ, ನಕ್ಷತ್ರಗಳೂ ಬರುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ಸಂಗತಿಯುಂಟು. ಹೀಬ್ರೂ ಭಾಷೆಯಲ್ಲಿ ಸೂರ್ಯನಿಗೆ ಶೆಮೆಷ್ ಎಂಬ ಮಾತಿದೆ, ಚಂದ್ರನಿಗೆ ಯಾರೇಹ ಎಂಬ ಮಾತಿದೆ. ಎರಡೂ ದಿನಬಳಕೆಯ ಪದಗಳು. ಸೃಷ್ಟಿಯನ್ನೇ ವರ್ಣಿಸುವ ಅಧ್ಯಾಯದಲ್ಲಿ ಇವೆರಡೂ ಇಲ್ಲ. ದೊಡ್ಡ ದೀಪ, ಚಿಕ್ಕ ದೀಪ, ಅಷ್ಟೇ. ದೀಪವೆಂಬುದಕ್ಕೆ ಬಳಸಿರುವ ಪದವಾದರೋ ಗುಡಾರದ ದೇವಸ್ಥಾನದಲ್ಲಿ ಎಣ್ಣೆ ಹಾಕಿ ಉರಿಸುವ ದೀಪಕ್ಕೂ ಸಲ್ಲುವ ಪದ. ಏಕೆ ಹೀಗೆ? ಇದಕ್ಕೆ ಉತ್ತರ ಬೇಕಾದರೆ ಈ ಅಧ್ಯಾಯವನ್ನು ಯಾರು, ಯಾವಾಗ, ಎಲ್ಲಿ ಕುಳಿತು ಬರೆದರು ಎಂದು ವಿಚಾರಿಸಬೇಕಾಗುತ್ತದೆ.

ಮೋಶೆಯೇ ಬರೆದನೆಂಬುದು ಸಂಪ್ರದಾಯ. ಆದರೆ ೧೭೫೩ರಲ್ಲಿ ಜಾನ್ ಆಸ್ಟ್ರಕ್ ಎಂಬ ಫ್ರೆಂಚ್ ವೈದ್ಯನು, ಆದಿಕಾಂಡದಲ್ಲಿ ದೇವರಿಗೆ ಎರಡು ಬೇರೆ ಬೇರೆ ಹೆಸರುಗಳು ಬರುತ್ತವೆಂಬುದನ್ನು ಹಿಡಿದು, ಮೋಶೆಯ ಮುಂದೆ ಹಲವು ಹಳೆಯ ಬರಹಗಳಿದ್ದಿರಬೇಕೆಂದು ವಾದಿಸಿದನು. ಹೆಸರು ಹಾಕದೆ ಪುಸ್ತಕ ಅಚ್ಚುಮಾಡಿಸಿದನೆಂಬುದರಿಂದಲೇ ಅಂದಿನ ಭಯ ಎಷ್ಟಿತ್ತೆಂದು ತಿಳಿಯುತ್ತದೆ. ಮುಂದಿನ ಶತಮಾನದಲ್ಲಿ ಜರ್ಮನಿಯ ವೆಲ್ಹೌಸನ್ ಮೊದಲಾದವರು ಈ ವಾದವನ್ನು ಬಹಳ ದೂರ ಬೆಳೆಸಿದರು. ವಿವರಗಳಲ್ಲಿ ಜಗಳ ಇಂದಿಗೂ ನಿಂತಿಲ್ಲ; ಆದರೂ ಮೊದಲ ಅಧ್ಯಾಯ ಪುರೋಹಿತರ ವರ್ಗದಿಂದ ಬಂದದ್ದು, ಈಗಿನ ರೂಪದಲ್ಲಿ ಅದು ಕ್ರಿ. ಪೂ. ಆರನೆಯ ಶತಮಾನದ ಅಥವಾ ಅದಕ್ಕೆ ಸ್ವಲ್ಪ ಈಚಿನ ಕೃತಿ ಎಂಬುದು ಹೆಚ್ಚಿನ ವಿದ್ವಾಂಸರ ಮತ.

ಆ ಶತಮಾನ ಯೆಹೂದ್ಯರಿಗೆ ಎಂಥ ಶತಮಾನ! ಕ್ರಿ. ಪೂ. ೫೯೭ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು ಅರಸನನ್ನೂ ಊರಿನ ಮುಖಂಡರನ್ನೂ ಸೆರೆಯೊಯ್ದನು. ಹತ್ತು ಹನ್ನೊಂದು ವರ್ಷಗಳಲ್ಲಿ ಮತ್ತೆ ಬಂದು ಊರನ್ನು ಸುಟ್ಟು, ದೇವಾಲಯವನ್ನು ಕೆಡವಿ, ಇನ್ನಷ್ಟು ಜನರನ್ನು ಕೊಂಡೊಯ್ದನು. ಪುರೋಹಿತರಿಗೆ ದೇವಾಲಯವೇ ಇಲ್ಲದಂತಾಯಿತು. ಅವರ ಸುತ್ತ ಈಗ ಬಾಬಿಲೋನಿನ ದೇವಾಲಯಗಳು, ಬಾಬಿಲೋನಿನ ಹಬ್ಬಗಳು. ಅಲ್ಲಿ ಸೂರ್ಯನೆಂದರೆ ಶಮಷ್, ನ್ಯಾಯದ ಅಧಿದೇವತೆ. ಚಂದ್ರನೆಂದರೆ ಸಿನ್, ಮಹಾದೇವತೆ. ನಕ್ಷತ್ರಗಳನ್ನು ನೋಡಿ ರಾಜ್ಯದ ಭವಿಷ್ಯವನ್ನು ಓದುವ ವಿದ್ವಾಂಸರು ಅರಮನೆಯ ನೌಕರಿಯಲ್ಲಿದ್ದರು. ಇಂಥ ಊರಿನಲ್ಲಿ ಶೆಮೆಷ್ ಎಂದರೆ ಕೇಳುವವರ ಕಿವಿಗೆ ಶಮಷ್ ಎಂದೇ ಬೀಳುತ್ತಿತ್ತು. ಬರೆದವನು ಎರಡು ಹೆಸರುಗಳನ್ನೂ ಬಾಯಿಬಿಟ್ಟು ಹೇಳದೆ, ತೂಗುಹಾಕಿದ ದೀಪಗಳೆಂದು ಕರೆದು ಮುಂದೆ ಹೋದನು. ಅವುಗಳಿಗಿಂತ ಮೂರು ದಿನ ಮೊದಲೇ ಬೆಳಕನ್ನು ಹುಟ್ಟಿಸಿದನು. ಬೆಳಕು ಸೂರ್ಯನ ಸ್ವತ್ತಲ್ಲ. ಸೂರ್ಯನೇ ಬೆಳಕಿನ ಪಾರುಪತ್ಯಗಾರ, ಅದೂ ತಡವಾಗಿ ನೇಮಕವಾದವನು. ಸೆಲ್ಸಸನ ಪ್ರಶ್ನೆಗೆ ಇದೇ ಉತ್ತರವೆಂದು ನನಗೆ ತೋರುತ್ತದೆ.

ಇದು ಪರಕೀಯರ ಮೇಲಿನ ಸಿಟ್ಟು ಮಾತ್ರವೆಂದು ತಿಳಿಯಬಾರದು. ಸೂರ್ಯಾರಾಧನೆ ಯೆರೂಸಲೇಮಿನೊಳಗೇ ಇತ್ತು. ಯೋಷೀಯ ಅರಸನು ಕ್ರಿ. ಪೂ. ೬೨೨ರ ಸುಮಾರಿನಲ್ಲಿ ನಡೆಸಿದ ಸುಧಾರಣೆಯಲ್ಲಿ, ಹಿಂದಿನ ಅರಸರು ಸೂರ್ಯನಿಗಾಗಿ ದೇವಾಲಯದ ಬಾಗಿಲಲ್ಲಿ ನಿಲ್ಲಿಸಿದ್ದ ಕುದುರೆಗಳನ್ನು ತೆಗೆಸಿ ರಥಗಳನ್ನು ಸುಡಿಸಿದನೆಂದು ಅರಸುಗಳ ಚರಿತ್ರೆ ಹೇಳುತ್ತದೆ. ಅಷ್ಟಾದರೂ ಚಟ ಬಿಡಲಿಲ್ಲ. ಸೆರೆಯಲ್ಲಿದ್ದ ಯೆಹೆಜ್ಕೇಲನೆಂಬ ಪುರೋಹಿತ ಪ್ರವಾದಿಗೆ ಕ್ರಿ. ಪೂ. ೫೯೨ರಲ್ಲಿ ಒಂದು ದರ್ಶನವಾಯಿತು. ಅದರಲ್ಲಿ ಅವನು ಕಂಡದ್ದು: ದೇವಾಲಯಕ್ಕೆ ಬೆನ್ನು ಹಾಕಿ, ಮೂಡಲಿಗೆ ಮುಖ ಮಾಡಿ, ಸುಮಾರು ಇಪ್ಪತ್ತೈದು ಮಂದಿ ಸೂರ್ಯನಿಗೆ ಅಡ್ಡಬೀಳುತ್ತಿದ್ದಾರೆ. ಊರು ಹಾಳಾದುದಕ್ಕೆ ಇದೇ ಕಾರಣವೆಂದು ಅವನ ನಂಬಿಕೆ. ನಾಲ್ಕನೆಯ ದಿನದ ದೀಪಗಳ ಹಿಂದೆ ಇಂಥ ನೋವಿನ ನೆನಪೂ ಇರಬೇಕು.

ಬಾಬಿಲೋನಿನವರ ಸೃಷ್ಟಿಕಥೆ ನಮಗೆ ತಿಳಿದದ್ದು ಬಹಳ ಈಚೆಗೆ. ನಿನೆವೆಯ ಹಾಳುದಿಬ್ಬಗಳಲ್ಲಿ ಅಶ್ಶೂರ್‌ಬಾನಿಪಾಲನ ಪುಸ್ತಕಭಂಡಾರ ಸಿಕ್ಕಿ, ಅಲ್ಲಿನ ಮಣ್ಣಿನ ಹಲಗೆಗಳು ಚೂರುಚೂರಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದು ಬಿದ್ದಿದ್ದವು. ನೋಟು ಅಚ್ಚುಹಾಕುವ ಕಂಪನಿಯಲ್ಲಿ ಕೆತ್ತನೆಯ ಕೆಲಸ ಕಲಿತ ಜಾರ್ಜ್ ಸ್ಮಿತ್ ಎಂಬ ಯುವಕನು ಊಟದ ಬಿಡುವಿನಲ್ಲಿ ಮ್ಯೂಸಿಯಮ್ಮಿಗೆ ಹೋಗಿ ಹೋಗಿ ತಾನಾಗಿ ಆ ಲಿಪಿಯನ್ನು ಕಲಿತುಬಿಟ್ಟನು. ೧೮೭೨ರಲ್ಲಿ ಅವನು ಜಲಪ್ರಳಯದ ಕಥೆಯನ್ನು ಓದಿ ಹೇಳಿದನು. ೧೮೭೫ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ಸೃಷ್ಟಿಕಥೆಯೂ ಸಿಕ್ಕಿದೆಯೆಂದು ಸಾರಿದನು. ಮರುವರ್ಷ ಪುಸ್ತಕ ಹೊರಬಂತು. ಅದೇ ೧೮೭೬ರಲ್ಲಿ ಮೂವತ್ತಾರನೆಯ ವಯಸ್ಸಿಗೆ ಅಲೆಪ್ಪೋದಲ್ಲಿ ಕಾಯಿಲೆಯಿಂದ ತೀರಿಕೊಂಡನು.

ಆ ಕಾವ್ಯ ಏಳು ಹಲಗೆಗಳದು. ಅದರ ಮೊದಲ ಪದಗಳಿಂದಲೇ ಅದನ್ನು ಎನುಮಾ ಎಲಿಷ್ ಎಂದು ಕರೆಯುತ್ತಾರೆ. ಮೊದಲಲ್ಲಿ ನೀರು ಮಾತ್ರ. ಸಿಹಿನೀರು ಅಪ್ಸು, ಉಪ್ಪುನೀರು ತಿಯಾಮತ್. ಇವರಿಂದ ದೇವತೆಗಳು ಹುಟ್ಟಿ ಗದ್ದಲ ಮಾಡುತ್ತಾರೆ, ಹಿರಿಯರಿಗೂ ಕಿರಿಯರಿಗೂ ಯುದ್ಧವಾಗುತ್ತದೆ. ಬಾಬಿಲೋನಿನ ದೇವನಾದ ಮರ್ದುಕನು ತಿಯಾಮತಳನ್ನು ಕೊಂದು, ಒಣಗಿಸುವುದಕ್ಕೆ ಮೀನನ್ನು ಸೀಳುವಂತೆ ಅವಳನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಮೇಲೆತ್ತಿ ಆಕಾಶ ಮಾಡುತ್ತಾನೆ. ಆಮೇಲೆ ನಕ್ಷತ್ರಗಳನ್ನು ನಿಲ್ಲಿಸಿ, ಚಂದ್ರನಿಗೆ ತಿಂಗಳ ಲೆಕ್ಕವನ್ನು ಒಪ್ಪಿಸುತ್ತಾನೆ. ಹೊಸ ವರ್ಷದ ಅಕಿತು ಹಬ್ಬದ ನಾಲ್ಕನೆಯ ದಿನ ಪೂಜಾರಿ ಇದನ್ನು ಮರ್ದುಕನ ಮುಂದೆ ಆದ್ಯಂತ ಪಠಿಸುತ್ತಿದ್ದನು.

ಆದಿಕಾಂಡದಲ್ಲಿ ಆಳವಾದ ನೀರಿಗೆ ಬರುವ ಪದ ತೆಹೋಮ್. ಇದಕ್ಕೂ ತಿಯಾಮತ್ ಎಂಬುದಕ್ಕೂ ಇರುವ ಹೋಲಿಕೆಯನ್ನು ಹಿಡಿದು ೧೮೯೫ರಲ್ಲಿ ಗುಂಕೆಲ್ ಎಂಬ ಜರ್ಮನ್ ವಿದ್ವಾಂಸರು ಹೀಬ್ರೂ ಕಥೆ ಬಾಬಿಲೋನಿನ ಕಥೆಯ ಸಂತಾನವೆಂದು ಪ್ರತಿಪಾದಿಸಿದರು. ೧೯೪೨ರಲ್ಲಿ ಹೈಡೆಲ್ ಎಂಬವರು, ಒಂದು ಪದ ಇನ್ನೊಂದರಿಂದ ಹುಟ್ಟಲು ವ್ಯಾಕರಣ ಒಪ್ಪದು, ಎರಡೂ ಒಂದೇ ಹಳೆಯ ಬೇರಿನಿಂದ ಬಂದ ದಾಯಾದಿಗಳು ಎಂದು ತೋರಿಸಿದರು. ೧೯೬೫ರಲ್ಲಿ ಲ್ಯಾಂಬರ್ಟರೂ ಹಳೆಯ ವಾದದ ಉಬ್ಬರವನ್ನು ಬಹಳಷ್ಟು ಇಳಿಸಿದರು. ನಕಲೋ ಅಲ್ಲವೋ ಎಂಬ ಜಗಳ ನಮಗೆ ಅಷ್ಟು ಮುಖ್ಯವಲ್ಲ. ಕಣ್ಣಿಗೆ ಹೊಡೆಯುವುದು ಬೇರೆ ಒಂದು ಸಂಗತಿ: ಆದಿಕಾಂಡದಲ್ಲಿ ಯುದ್ಧವೇ ಇಲ್ಲ. ನೀರು ಯಾರನ್ನೂ ಎದುರಿಸುವುದಿಲ್ಲ. ಕತ್ತಲೆ ಸೋಲುವುದೂ ಇಲ್ಲ, ಸಾಯುವುದೂ ಇಲ್ಲ. ಅದಕ್ಕೊಂದು ಹೆಸರು ಸಿಗುತ್ತದೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದು ಪಾಲು ಸಿಗುತ್ತದೆ. ಅಣ್ಣತಮ್ಮಂದಿರಿಗೆ ಹಿರಿಯರು ಜಮೀನು ಪಾಲು ಮಾಡಿಕೊಟ್ಟ ಹಾಗೆ.

ಆದರೆ ಕತ್ತಲೆಯ ವಿಷಯ ಇಷ್ಟು ಸುಲಭದಲ್ಲಿ ಮುಗಿಯುವಂಥದಲ್ಲ. ಅಧ್ಯಾಯವನ್ನು ಮತ್ತೆ ಓದಿ. ಬೆಳಕನ್ನು ದೇವರು ಉಂಟುಮಾಡಿದನೆಂದಿದೆ. ಕತ್ತಲೆಯನ್ನು ಉಂಟುಮಾಡಿದನೆಂದು ಎಲ್ಲಿಯೂ ಇಲ್ಲ. ಬೆಳಕು ಒಳ್ಳೆಯದೆಂದಿದೆ, ಕತ್ತಲೆ ಒಳ್ಳೆಯದೆಂದು ಬಿಡಿಯಾಗಿ ಹೇಳಿಲ್ಲ. ಹಾಗಾದರೆ ಅದು ಮೊದಲಿನಿಂದ ಇದ್ದದ್ದೇ? ದೇವರಷ್ಟೇ ಹಳೆಯದೇ? ಮೊದಲ ವಾಕ್ಯದ ವ್ಯಾಕರಣವೇ ಇಬ್ಬಗೆಯಾಗಿದೆ. ಆದಿಯಲ್ಲಿ ದೇವರು ಎಲ್ಲವನ್ನೂ ಸೃಷ್ಟಿಸಿದನೆಂದು ಒಂದು ಓದು. ದೇವರು ಸೃಷ್ಟಿಸತೊಡಗಿದಾಗ ಭೂಮಿಯೂ ಕತ್ತಲೆಯೂ ಹೀಗೆ ಹೀಗಿದ್ದವು ಎಂದು ಇನ್ನೊಂದು ಓದು. ಎರಡನೆಯದು ಈಚಿನ ನಾಸ್ತಿಕರ ಕಿತಾಪತಿಯಲ್ಲ. ಫ್ರಾನ್ಸಿನ ಮಹಾ ವ್ಯಾಖ್ಯಾನಕಾರ ರಾಶಿ (೧೦೪೦–೧೧೦೫) ಹೀಗೆಯೇ ಅರ್ಥ ಮಾಡಿದನು. ಶೂನ್ಯದಿಂದ ಸೃಷ್ಟಿಯೆಂಬ ಸಿದ್ಧಾಂತ ಗಟ್ಟಿಯಾದದ್ದು ಈ ಅಧ್ಯಾಯವಾದ ಎಷ್ಟೋ ಕಾಲದ ಮೇಲೆ, ಕ್ರಿಸ್ತಶಕ ಎರಡನೆಯ ಶತಮಾನದ ಚರ್ಚೆಗಳಲ್ಲಿ. ನಮ್ಮ ಋಗ್ವೇದದ ನಾಸದೀಯ ಸೂಕ್ತವನ್ನು ಓದಿ ಬಲ್ಲವರಿಗೆ ಈ ಕತ್ತಲೆ ಮತ್ತು ನೀರಿನ ಚಿತ್ರ ಅಪರಿಚಿತವೆನಿಸದು. ಆ ಕವಿ ಸಂಶಯದಲ್ಲಿ ನಿಲ್ಲುತ್ತಾನೆ, ಹೀಬ್ರೂ ಪುರೋಹಿತನು ಸುಮ್ಮನಿದ್ದು ಮುಂದೆ ಹೋಗುತ್ತಾನೆ. ಹೋಲಿಕೆಯನ್ನು ಇದಕ್ಕಿಂತ ಎಳೆದರೆ ಹರಿಯುತ್ತದೆ.

ಪುರೋಹಿತನು ಹೇಳದೆ ಬಿಟ್ಟದ್ದನ್ನು ಹೇಳಿಯೇ ತೀರಿದವನು ಒಬ್ಬನಿದ್ದಾನೆ. ಯೆಶಾಯನ ಗ್ರಂಥದ ಉತ್ತರಭಾಗವನ್ನು ಬರೆದ, ಹೆಸರು ತಿಳಿಯದ ಪ್ರವಾದಿ ಅವನು. ಬಾಬಿಲೋನನ್ನು ಕ್ರಿ. ಪೂ. ೫೩೯ರಲ್ಲಿ ಗೆದ್ದ ಪಾರಸಿಕ ದೊರೆ ಕೋರೆಷನನ್ನು ಹೆಸರು ಹಿಡಿದು ಕರೆಯುವ ಪ್ರಕರಣದಲ್ಲಿಯೇ, ಬೆಳಕನ್ನು ರೂಪಿಸುವವನೂ ಕತ್ತಲೆಯನ್ನು ಸೃಷ್ಟಿಸುವವನೂ ನಾನೇ, ಸುಖವನ್ನೂ ಕೇಡನ್ನೂ ಉಂಟುಮಾಡುವವನು ನಾನೇ ಎಂಬ ಅರ್ಥ ಬರುವಂತೆ ದೇವರ ಬಾಯಿಂದ ನುಡಿಸುತ್ತಾನೆ. ಸೃಷ್ಟಿಸುವುದಕ್ಕೆ ಹೀಬ್ರೂವಿನಲ್ಲಿ ಬಾರಾ ಎಂಬ ಕ್ರಿಯಾಪದವುಂಟು. ಕುಂಬಾರನಿಗೂ ಬಡಗಿಗೂ ಅದು ಸಲ್ಲದು, ಅದರ ಕರ್ತೃ ದೇವರೊಬ್ಬನೇ. ಪ್ರವಾದಿಯ ಮಾತಿನಲ್ಲಿ ಈ ಹಿರಿಯ ಕ್ರಿಯಾಪದ ಬೆಳಕಿಗೆ ಬರುವುದಿಲ್ಲ, ಕತ್ತಲೆಗೆ ಬರುತ್ತದೆ! ಬೆಳಕಿಗೆ ಕುಂಬಾರನ ಕೆಲಸದ ಮಾತೇ ಸಾಕಾಯಿತು.

ಇದು ಪಾರಸಿಕರ ದ್ವೈತಕ್ಕೆ, ಬೆಳಕಿನ ದೇವರೂ ಕತ್ತಲೆಯ ದೇವರೂ ಬೇರೆ ಬೇರೆಯೆಂಬ ಮತಕ್ಕೆ, ಕೊಟ್ಟ ಏಟು ಎಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿರುತ್ತದೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಜರತುಷ್ಟ್ರನ ಗಾಥೆಗಳಲ್ಲಿ ಒಂದು ಕಡೆ, ಬೆಳಕನ್ನೂ ಕತ್ತಲೆಯನ್ನೂ ಮಾಡಿದ ಶಿಲ್ಪಿ ಯಾರು ಎಂದು ಅಹುರ ಮಜ್ದನನ್ನೇ ಕೇಳುವ ಪ್ರಶ್ನೆಯಿದೆ. ನೀನೇ ಎಂಬುದು ಅದರಲ್ಲೇ ಅಡಗಿರುವ ಉತ್ತರ. ಅಮೆರಿಕದ ಮಾರ್ಟನ್ ಸ್ಮಿತ್ ಎಂಬ ವಿದ್ವಾಂಸರು ೧೯೬೩ರಲ್ಲಿ ಇದನ್ನು ಎತ್ತಿ ತೋರಿಸಿ, ಪ್ರವಾದಿ ಪಾರಸಿಕರಿಗೆ ಎದುರು ಹೇಳುತ್ತಿದ್ದಾನೋ ಅವರದೇ ಧಾಟಿಯಲ್ಲಿ ಮಾತಾಡುತ್ತಿದ್ದಾನೋ ಎಂಬ ಶಂಕೆ ಹುಟ್ಟಿಸಿದರು. ಅದೇನೇ ಇರಲಿ, ಈ ಮಾತು ಯೆಹೂದ್ಯರಿಗೇ ನುಂಗಲು ಕಷ್ಟವಾಯಿತು. ಅದನ್ನು ಅವರು ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಸೇರಿಸಿಕೊಂಡರು. ಆದರೆ ಕೇಡನ್ನು ಉಂಟುಮಾಡುವವನು ಎಂಬಲ್ಲಿ ಸಕಲವನ್ನೂ ಉಂಟುಮಾಡುವವನು ಎಂದು ತಿದ್ದಿದರು. ಕೇಡಿಗೆ ತಿದ್ದುಪಡಿಯಾಯಿತು. ಕತ್ತಲೆಯನ್ನು ಮಾತ್ರ ಹಾಗೆಯೇ ಉಳಿಸಿದರು, ಅದೂ ಸೂರ್ಯೋದಯದ ಪ್ರಾರ್ಥನೆಯಲ್ಲಿ.

ಕೀರ್ತನೆಗಳ ಗ್ರಂಥದ ೧೦೪ನೆಯ ಕೀರ್ತನೆ ಇನ್ನೂ ಮುಂದೆ ಹೋಗುತ್ತದೆ. ಈಜಿಪ್ಟಿನಲ್ಲಿ ಕ್ರಿ. ಪೂ. ಹದಿನಾಲ್ಕನೆಯ ಶತಮಾನದಲ್ಲಿ ಆಳಿದ ಅಖೆನಾತೆನನು ಸೂರ್ಯಬಿಂಬವೊಂದನ್ನೇ ದೇವರೆಂದು ಸಾರಿದನು. ಅವನ ಕಾಲದ ಸೂರ್ಯಸ್ತೋತ್ರ ಅಮರ್ನದ ಸಮಾಧಿಯೊಂದರ ಗೋಡೆಯ ಮೇಲೆ ಉಳಿದಿದೆ. ಅದರಲ್ಲಿ ಸೂರ್ಯ ಮುಳುಗಿದನೆಂದರೆ ಲೋಕ ಸತ್ತಂತೆ: ಸಿಂಹಗಳು ಗವಿಯಿಂದ ಹೊರಬೀಳುತ್ತವೆ, ಹಾವುಗಳು ಕಚ್ಚುತ್ತವೆ, ಕಳ್ಳರು ತಲೆದೆಸೆಯಿಂದ ಸಾಮಾನು ಕದ್ದರೂ ತಿಳಿಯದು. ದೇವರು ಮನೆಯಲ್ಲಿಲ್ಲದ ವೇಳೆ ಅದು. ಹೀಬ್ರೂ ಕೀರ್ತನೆಯಲ್ಲಿಯೂ ಇರುಳಿದೆ, ಸಿಂಹಗಳಿವೆ. ಆದರೆ ಇರುಳನ್ನು ಕವಿಸುವವನು ದೇವರೇ. ಮರಿಸಿಂಹಗಳು ಗರ್ಜಿಸಿ ಅವನಲ್ಲಿ ಆಹಾರ ಕೇಳುತ್ತವೆ. ಬೆಳಗಾದರೆ ಅವು ಗವಿಗೆ, ಮನುಷ್ಯ ಕೆಲಸಕ್ಕೆ. ಪಾಳಿಯ ಕೆಲಸದ ಹಾಗೆ. ಈ ಕೀರ್ತನೆಯನ್ನು ಓದಿದಾಗಲೆಲ್ಲ ರಾತ್ರಿ ಕಾವಲಿನವರು, ಗದ್ದೆಗೆ ನೀರು ಕಟ್ಟಲು ಹೋದವರು ನನಗೆ ನೆನಪಾಗುತ್ತಾರೆ.

ಈ ಸಮಾಧಾನ ಬಹಳ ಕಾಲ ನಿಲ್ಲಲಿಲ್ಲ. ಸಾಮ್ರಾಜ್ಯಗಳ ಕಾಲಡಿ ಸಿಕ್ಕಿದ ಜನಕ್ಕೆ ಲೋಕ ಎರಡು ಪಾಳೆಯವಾಗಿ ಕಾಣತೊಡಗಿತು. ೧೯೪೭ರಲ್ಲಿ ಮೃತಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ ಸಿಕ್ಕಿದ ಮೊದಲ ಸುರುಳಿಗಳಲ್ಲಿ ಒಂದು ಬೆಳಕಿನ ಮಕ್ಕಳಿಗೂ ಕತ್ತಲೆಯ ಮಕ್ಕಳಿಗೂ ಆಗಲಿರುವ ಯುದ್ಧದ ಕೈಪಿಡಿ: ತುತ್ತೂರಿ ಯಾವಾಗ ಊದಬೇಕು, ಗುರಾಣಿಯ ಅಳತೆ ಎಷ್ಟು ಎಂಬ ವಿವರಗಳವರೆಗೆ. ಕತ್ತಲೆ ಇಲ್ಲಿ ಇರುಳಲ್ಲ, ನೆರೆಯವನು. ಕ್ರಿಸ್ತಶಕ ೨೧೬ರಲ್ಲಿ ಹುಟ್ಟಿದ ಮಾನಿಯು ಇದನ್ನು ತುದಿಗೆ ಮುಟ್ಟಿಸಿದನು. ಅವನು ಹುಟ್ಟಿದ್ದು, ಯೆಹೂದ್ಯರು ಸೆರೆಯಿದ್ದ ಆ ಬಾಬಿಲೋನಿಯದ ನೆಲದಲ್ಲಿಯೇ. ಬೆಳಕು, ಕತ್ತಲೆ ಎರಡೂ ಅನಾದಿ. ಈ ಲೋಕ ಅವೆರಡರ ಹೊಡೆದಾಟದಲ್ಲಿ ಬೆರಕೆಯಾದ ರಣರಂಗ ಎಂದು ಅವನ ಬೋಧೆ.

ಆಫ್ರಿಕದ ಅಗಸ್ಟೀನನು ತರುಣನಾಗಿದ್ದಾಗ ಒಂಬತ್ತು ವರ್ಷ ಮಾನಿಯ ಮತದಲ್ಲಿದ್ದನು. ಆದುದರಿಂದ ಅವರ ಕುಹಕಗಳೆಲ್ಲ ಅವನಿಗೆ ಗೊತ್ತು. ಬೆಳಕಾಗುವ ಮೊದಲು ನಿಮ್ಮ ದೇವರು ಕತ್ತಲಲ್ಲಿ ಕುಳಿತಿದ್ದನೇ ಎಂದು ಅವರು ಆದಿಕಾಂಡವನ್ನು ಗೇಲಿಮಾಡುತ್ತಿದ್ದರು. ಕ್ರೈಸ್ತನಾದ ಮೇಲೆ ೩೮೮ರ ಸುಮಾರಿನಲ್ಲಿ ಅಗಸ್ಟೀನನು ಉತ್ತರ ಬರೆದನು: ಕತ್ತಲೆಯೆಂಬುದು ವಸ್ತುವೇ ಅಲ್ಲ. ಸದ್ದಿಲ್ಲದಿದ್ದರೆ ಮೌನ, ಬಟ್ಟೆಯಿಲ್ಲದಿದ್ದರೆ ಬತ್ತಲೆ. ಹಾಗೆಯೇ ಬೆಳಕಿಲ್ಲದಿದ್ದರೆ ಕತ್ತಲೆ. ಮೌನವನ್ನು ಯಾರು ಮಾಡಿದರೆಂದು ಕೇಳುವುದುಂಟೇ? ತರ್ಕ ಚೊಕ್ಕವಾಗಿದೆ. ಕೇಡೂ ವಸ್ತುವಲ್ಲ, ಒಳಿತಿನ ಅಭಾವ ಎಂಬ ಅವನ ಪ್ರಸಿದ್ಧ ಸಿದ್ಧಾಂತಕ್ಕೂ ಇದಕ್ಕೂ ಹತ್ತಿರದ ನಂಟು. ಆದರೂ ನನಗೊಂದು ಅತೃಪ್ತಿಯಿದೆ: ಅಭಾವಕ್ಕೆ ಹೆಸರಿಡುವವರುಂಟೇ? ಪಾಲು ಕೊಡುವವರುಂಟೇ? ಇದು ಮುಂದೆ ಅವನಿಗೂ ಹೊಳೆದಿರಬೇಕು. ದೇವನಗರವೆಂಬ ಮಹಾಗ್ರಂಥದಲ್ಲಿ, ಮೊದಲ ದಿನದ ಕತ್ತಲೆಗೆ ಮೆಚ್ಚುಗೆ ಸಿಗದಿರುವುದಕ್ಕೆ ಅದು ಪತಿತ ದೂತರ ಸಂಕೇತವಾಗಿರುವುದೇ ಕಾರಣ, ನಾಲ್ಕನೆಯ ದಿನದ ಮಾಮೂಲು ಇರುಳನ್ನು ದೀಪಗಳೊಡನೆ ಸೇರಿಸಿಯೇ ಒಳ್ಳೆಯದೆಂದಿದೆ ಎಂದು ಬಿಡಿಸಿ ಹೇಳುತ್ತಾನೆ. ಇದೇ ಕಾಲಕ್ಕೆ ಸ್ವಲ್ಪ ಹಿಂದೆ ಕೈಸರೈಯದ ಬಿಷಪ್ ಬೆಸಿಲನು ಆರು ದಿನಗಳ ಸೃಷ್ಟಿಯನ್ನು ಕುರಿತು ಒಂಬತ್ತು ಪ್ರವಚನಗಳನ್ನು ಮಾಡಿದನು. ಕತ್ತಲೆಯನ್ನು ದುಷ್ಟಶಕ್ತಿಯೆನ್ನುವವರನ್ನು ಅವನು ತರಾಟೆಗೆ ತೆಗೆದುಕೊಳ್ಳುತ್ತಾನೆ. ದಿನಗೂಲಿಯ ಕೈಕಸುಬಿನವರು ಬಂದು ನಿಂತಿದ್ದಾರೆ, ಹೊಟ್ಟೆಪಾಡಿನ ಕೆಲಸಕ್ಕೆ ಹೋಗಬೇಕು, ಆದುದರಿಂದ ಚಿಕ್ಕದಾಗಿ ಮುಗಿಸುತ್ತೇನೆ ಎಂದು ಒಂದೆಡೆ ಹೇಳುವ ಮಾತು ಅವನಲ್ಲಿ ನನಗೆ ಬಹಳ ಪ್ರಿಯವಾದದ್ದು.

ದಿನ ಸಂಜೆಯಿಂದ ಮೊದಲಾಗುತ್ತದೆಯೋ ಬೆಳಗಿನಿಂದಲೋ ಎಂಬ ಇನ್ನೊಂದು ತೊಡಕೂ ಇಲ್ಲಿಂದಲೇ ಹುಟ್ಟಿತು. ಯೆಹೂದ್ಯರ ಸಬ್ಬತ್ತು ಶುಕ್ರವಾರ ಸಂಜೆಗೆ ಆರಂಭ. ಆದರೆ ಹನ್ನೆರಡನೆಯ ಶತಮಾನದಲ್ಲಿ ರಾಶಿಯ ಮೊಮ್ಮಗ ರಷ್ಬಾಮನು ಮೂಲವನ್ನು ಕಣ್ಣಿಟ್ಟು ಓದಿ, ಮೊದಲು ಬೆಳಕು, ಆಮೇಲೆ ಸಂಜೆ, ಆಮೇಲೆ ಬೆಳಗು; ಅಂದರೆ ಬೆಳಗಾದಾಗ ಒಂದು ದಿನ ಮುಗಿಯಿತು ಎಂದು ಬರೆದನು. ಆಚರಣೆಯನ್ನು ಅವನು ಬಿಡಲಿಲ್ಲ, ವಾಕ್ಯದ ಅರ್ಥವನ್ನಷ್ಟೇ ಹೇಳಿದನು. ಸ್ಪೇನಿನಿಂದ ಹೊರಟು ದೇಶ ದೇಶ ಅಲೆದು ಇಂಗ್ಲೆಂಡಿಗೆ ಬಂದಿದ್ದ ಅಬ್ರಹಾಂ ಇಬ್ನ್ ಎಜ್ರಾ ಎಂಬ ಮುದಿ ಪಂಡಿತನಿಗೆ ೧೧೫೮ರ ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ ಕನಸಾಯಿತು. ಕನಸಿನಲ್ಲಿ ಸಾಕ್ಷಾತ್ ಸಬ್ಬತ್ತೇ ಅವನಿಗೆ ಓಲೆ ಕಳಿಸಿ, ನನ್ನ ಸಂಜೆಯನ್ನು ಕೆಡಿಸುವ ಪುಸ್ತಕಗಳು ನಿನ್ನ ಮನೆಗೆ ಬಂದಿವೆ, ನೀನು ಸುಮ್ಮನಿದ್ದೀಯೆ ಎಂದು ದೂರಿತಂತೆ. ಎದ್ದು ನೋಡಬೇಕೆಂದರೆ ಸಬ್ಬತ್ತಿನ ರಾತ್ರಿ ದೀಪ ಹಚ್ಚುವಂತಿಲ್ಲ. ಹದಿನಾಲ್ಕನೆಯ ತಿಥಿ; ಪುಸ್ತಕಗಳನ್ನು ಹೊರಗೆ ಬೆಳದಿಂಗಳಿಗೆ ತಂದು ತೆರೆದು ನೋಡಿದನು. ದಿನ ಬೆಳಗಿಗೆ ಆರಂಭವೆಂಬ ವ್ಯಾಖ್ಯಾನ ಅಲ್ಲಿತ್ತು. ಅದು ರಷ್ಬಾಮನದೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಸಿಟ್ಟಿಗೆದ್ದ ಪಂಡಿತನು ಖಗೋಳಶಾಸ್ತ್ರವನ್ನೆಲ್ಲ ತುಂಬಿ ಸಬ್ಬತ್ತಿನ ಪತ್ರವೆಂಬ ಗ್ರಂಥವನ್ನೇ ಬರೆದುಬಿಟ್ಟನು. ದಿನ ಕತ್ತಲೆಯಿಂದ ಆರಂಭವಾಗುತ್ತದೆಂದು ಸಾಧಿಸುವುದಕ್ಕೆ ಅವನಿಗೆ ಆ ರಾತ್ರಿ ಆಸರೆಯಾದದ್ದು ಚಿಕ್ಕ ದೀಪವೇ!

ವಿಜ್ಞಾನಿಗಳ ಕಡೆಯ ಒಂದೆರಡು ಮಾತು. ಲಿಂಕನ್ನಿನ ಬಿಷಪನಾಗಿದ್ದ ಗ್ರೋಸ್‌ಟೆಸ್ಟ್ ಎಂಬವನು ಸುಮಾರು ೧೨೨೫ರಲ್ಲಿ, ಬೆಳಕಿನ ಒಂದು ಬಿಂದು ತನ್ನನ್ನು ತಾನೇ ಹರಡಿಕೊಂಡು ಬ್ರಹ್ಮಾಂಡವಾಯಿತೆಂದು ಬರೆದನು. ೧೯೩೧ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಲೆಮೇತರು ವಿಶ್ವ ಒಂದೇ ಆದಿಕಣದಿಂದ ಹೊರಟಿತೆಂಬ ಊಹೆಯನ್ನು ಮುಂದಿಟ್ಟರು. ೧೯೫೧ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಇದನ್ನು ಆದಿಕಾಂಡದ ಬೆಳಕಿಗೆ ಜೋಡಿಸಿ ಮಾತಾಡಿದಾಗ ಸಂತೋಷಪಡಬೇಕಾಗಿದ್ದ ಲೆಮೇತರು ಕಸಿವಿಸಿಪಟ್ಟರು. ಶಾಸ್ತ್ರವನ್ನೂ ಶ್ರದ್ಧೆಯನ್ನೂ ಬೆರಸಬಾರದೆಂಬುದು ಆ ಪಾದ್ರಿಯ ಹಟ. ವಿಶ್ವಾರಂಭದ ಸುಮಾರು ೩,೮೦,೦೦೦ ವರ್ಷಗಳಿಗೆ ಬೆಳಕು ಬಿಡುಗಡೆಯಾಯಿತು, ಅದರ ಉಳಿಕೆ ೧೯೬೫ರಲ್ಲಿ ಪತ್ತೆಯಾಯಿತು, ಮೊದಲ ನಕ್ಷತ್ರಗಳು ಹುಟ್ಟಲು ಅಲ್ಲಿಂದ ಹತ್ತಿಪ್ಪತ್ತು ಕೋಟಿ ವರ್ಷ ಬೇಕಾಯಿತು ಎಂದು ಈಗ ಹೇಳುತ್ತಾರೆ. ನಕ್ಷತ್ರಕ್ಕಿಂತ ಬೆಳಕು ಹಿರಿದು ಎಂಬಷ್ಟರಲ್ಲಿ ಎರಡೂ ಕೂಡುತ್ತವೆ. ಇದರಿಂದ ಬೀಗುವವರೂ ಉಂಟು. ಬಾಬಿಲೋನಿನಲ್ಲಿ ದಿಕ್ಕುಗೆಟ್ಟು ಕುಳಿತವನ ಚಿಂತೆ ಇದಾಗಿರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಸೂರ್ಯನಿಗೆ ಮೊದಲೇ ಗಿಡಮರ ಬೆಳೆದದ್ದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಕತ್ತಲೆ ನೆರೆಯವನಾದ ಕಥೆ ಮಾತ್ರ ಕುಮ್ರಾನಿಗೆ ಮುಗಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಿಷನರಿ ವರದಿಗಳನ್ನು ತಿರುವಿದವರಿಗೆ ಕತ್ತಲೆಯಲ್ಲಿರುವ ಜನ, ಬೆಳಕನ್ನು ಕೊಂಡೊಯ್ಯುವ ನಾವು ಎಂಬ ಧಾಟಿ ಎಷ್ಟು ಸಾಮಾನ್ಯವೆಂಬುದು ಗೊತ್ತು. ಸ್ಟ್ಯಾನ್ಲಿ ೧೮೭೮ರಲ್ಲಿ ಆಫ್ರಿಕವನ್ನು ಕಗ್ಗತ್ತಲ ಖಂಡವೆಂದು ಪುಸ್ತಕಕ್ಕೆ ಹೆಸರಿಟ್ಟನು. ೧೮೯೦ರಲ್ಲಿ ಇನ್ನೂ ಕತ್ತಲೆಯ ಆಫ್ರಿಕವನ್ನು ಕುರಿತು ಬರೆದನು. ಅದೇ ವರ್ಷ ಸಾಲ್ವೇಶನ್ ಆರ್ಮಿಯ ವಿಲಿಯಂ ಬೂತರು ಲಂಡನ್ನಿನ ಕೊಳಚೆಗೇರಿಗಳನ್ನು ನೋಡಿ, ಕಗ್ಗತ್ತಲ ಇಂಗ್ಲೆಂಡ್ ಎಂದು ಪುಸ್ತಕ ಬರೆದು ತಿರುಗೇಟು ಕೊಟ್ಟರು. ಆದಿಕಾಂಡದ ಕತ್ತಲೆಗೆ ದೇಶವಿಲ್ಲ, ಮೈಬಣ್ಣವಿಲ್ಲ. ಅದು ಎಲ್ಲರ ಮನೆಯ ಮೇಲೂ ಸರದಿಯಂತೆ ಬರುತ್ತದೆ. ಈ ಅರ್ಥಗಳನ್ನು ಅದರ ಮೇಲೆ ಹೇರಿದವರು ಹಿಂದಿನವರಲ್ಲ, ಮುಂದಿನವರು.

ಇಲ್ಲಿ ಕನ್ನಡದ ಮಾತೊಂದನ್ನು ಹೇಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಕೆಲಸ ಹಿಡಿದರು. ಆಮೇಲೆ ಬೇರೆಯವರು ಅದನ್ನು ತಿದ್ದಿ ತಿದ್ದಿ ಬೆಳೆಸಿದರು. ನಮ್ಮ ಭಾಷೆಯಲ್ಲಿ ತಮಸ್ಸು, ಅಂಧಕಾರ ಎಂಬ ಗಂಭೀರ ಪದಗಳು ಕೈಗೆ ಸಿಗುವಂತೆಯೇ ಇದ್ದವು. ತಮಸ್ಸೆಂದರೆ ನಮಗೆ ಬರಿಯ ಕತ್ತಲೆಯಲ್ಲ. ಅದು ಒಂದು ಗುಣ, ಜಾಡ್ಯ, ಅಜ್ಞಾನ. ಅದನ್ನು ಬಳಸಿದ್ದರೆ ಮೊದಲ ಸಾಲುಗಳಲ್ಲಿಯೇ ತೀರ್ಪು ಹೇಳಿದಂತಾಗುತ್ತಿತ್ತು. ನಾವು ಬಹುಕಾಲದಿಂದ ಓದುತ್ತ ಬಂದ ಅನುವಾದದಲ್ಲಿ ಆ ಜಾಗದಲ್ಲಿರುವುದು ಕತ್ತಲೆ, ಹಗಲು, ಇರುಳು. ಹಳ್ಳಿಯ ಹೆಂಗಸರು ನೀರಿಗೆ ಹೋಗುವಾಗ ಆಡುವ ಮಾತುಗಳು. ತಿಳಿದು ಮಾಡಿದರೋ ತಿಳಿಯದೆ ಆಯಿತೋ, ಮೂಲದ ಪುರೋಹಿತನು ಈ ಮಾತುಗಳನ್ನು ಕೇಳಿದ್ದರೆ ತಲೆದೂಗುತ್ತಿದ್ದನೆಂದು ನನ್ನ ನಂಬಿಕೆ.

ಬಾಬಿಲೋನಿನಲ್ಲಿಯೇ ಉಳಿದುಬಿಟ್ಟ ಯೆಹೂದ್ಯರ ಮಕ್ಕಳು ಮೊಮ್ಮಕ್ಕಳು ಸಾವಿರ ವರ್ಷಗಳ ಮೇಲೆ ಅದೇ ನೆಲದಲ್ಲಿ ತಾಲ್ಮೂದವನ್ನು ಕೂಡಿಸಿದರು. ಅದರಲ್ಲಿ 'ಅನ್ಯಪೂಜೆ' ಎಂಬ ಭಾಗದಲ್ಲಿ ಒಂದು ಸಣ್ಣ ಕಥೆಯಿದೆ. ಸೃಷ್ಟಿಯಾದ ದಿನ ಆದಾಮನು ಮೊದಲ ಬಾರಿಗೆ ಸೂರ್ಯ ಮುಳುಗುವುದನ್ನು ಕಂಡನು. ನಾನು ಮಾಡಿದ ಪಾಪದಿಂದ ಲೋಕ ಕತ್ತಲಾಗುತ್ತಿದೆ, ಎಲ್ಲವೂ ಮತ್ತೆ ಮೊದಲಿನ ಶೂನ್ಯಕ್ಕೆ ಹಿಂದಿರುಗುತ್ತಿದೆ, ನನಗೆ ವಿಧಿಸಿದ ಮರಣ ಇದೇ ಎಂದು ಕುಳಿತು ರಾತ್ರಿಯೆಲ್ಲ ಅತ್ತನು. ಹವ್ವಳು ಎದುರಿಗೆ ಕುಳಿತು ಅತ್ತಳು. ಮೂಡಲು ಕೆಂಪಾಯಿತು. ಓಹೋ, ಲೋಕದ ನಡೆಯೇ ಹೀಗೆ ಎಂದುಕೊಂಡು ಆದಾಮನು ಎದ್ದು ಹೋಗಿ ಒಂದು ಹೋರಿಯನ್ನು ಬಲಿಕೊಟ್ಟನು. ಆ ಹೋರಿಗೆ ಗೊರಸಿಗಿಂತ ಮೊದಲು ಕೊಂಬು ಮೂಡಿತ್ತಂತೆ; ಹಣೆಯ ಮೇಲೆ ಇದ್ದದ್ದು ಒಂದೇ ಕೊಂಬು ಎಂದು ಇನ್ನೊಬ್ಬ ಪಂಡಿತ ಹೇಳುತ್ತಾನೆ. ಚರ್ಚೆ ಅಲ್ಲಿಂದ ಕೊಂಬಿನ ಕಡೆಗೆ ಹೊರಟುಹೋಗುತ್ತದೆ.